ಹಮೀದು ಬೋಲಿಯ ವಾಸಪತ್ರ

ಬೋಬೊ-ಜುಲಾಸೊ ಪುರಸಭೆಯಲ್ಲಿ ವಾಸಪತ್ರಕ್ಕೆಂದು ಸಾಲಿನಲ್ಲಿ ನಿಂತಿದ್ದ ಅಸೀತಾಳ ಮುಂದೆ ಇಬ್ಬರು ಮುದುಕರಿದ್ದರು. ಮೊದಲನೆಯವನು ಗಲಭೆಗೆ ಹೆದರಿ ಉತ್ತರದಿಂದ ಊರು ಬಿಟ್ಟು ಬಂದ, ದನ ಕಾಯುವ ಫುಲಾನಿ ಜನಾಂಗದವನು. ಅವನ ಹಿಂದಿದ್ದವನು ಇದೇ ಊರಿನ ಬೋಬೊ ಜನಾಂಗದವನು. ಈ ಎರಡು ಜನಾಂಗದವರು ಕಂಡಕಂಡಲ್ಲಿ ಒಬ್ಬರನ್ನೊಬ್ಬರು ಆಳೆಂದು ತಮಾಷೆಗೆ ಬೈದಾಡುವುದು ತಲೆಮಾರುಗಳ ಸಲಿಗೆ. ಅಸೀತಾ ಕಿವಿಗೊಟ್ಟಳು.

“ಲೋ ಫುಲಾನಿ, ಧಣಿಗಿಂತ ಮುಂದೆ ನಿಲ್ಲೋಕೆ ಯಾರೋ ಅಪ್ಪಣೆ ಕೊಟ್ಟಿದ್ದು?”

“ನೀನು ಧಣಿನಾ? ನಿಮ್ಮಜ್ಜನ್ನ ನಮ್ಮಜ್ಜ ಒಂದು ಹಿಡಿ ಉಪ್ಪಿಗೆ ಕೊಂಡಿದ್ದ.”

“ನಿಮ್ಮಜ್ಜ ಮೋಸ ಹೋದ ಬಿಡು. ನಮ್ಮಜ್ಜ ದಿನವಿಡೀ ಜೋಳದ ಹೆಂಡ ಕುಡಿದು ಮಲಗ್ತಿದ್ದ.”

ಸಾಲಿಗೆ ಸಾಲೇ ನಕ್ಕಿತು. ಕಿಟಕಿಯ ಹಿಂದಿದ್ದ ಗುಮಾಸ್ತೆ ತಲೆಯೆತ್ತಿ ಫುಲಾನಿಯನ್ನು ನೋಡಿದಳು.

“ಹಮೀದು ಬೋಲಿ ಅವರೇ, ಇಲ್ಲಿ ಯಾರ ಮನೇಲಿದೀರಿ?”

“ಶಾಲೆ ಜಗಲೀಲಿ, ತಾಯಿ.”

“ಜಗಲಿ ಅಂತ ಬರೆಯೋಕಾಗಲ್ಲ ಅಜ್ಜ. ಮನೆ ಯಜಮಾನರೊಬ್ಬರು ಸಹಿ ಹಾಕ್ಬೇಕು.”

ಫುಲಾನಿ ನೆಲದ ಮೇಲಿದ್ದ ತನ್ನ ಗಂಟನ್ನು ಎತ್ತಿಕೊಂಡ.

“ನನ್ನ ಮನೇಲಿದಾನೆ, ಬರ್ಕೊಳಮ್ಮ,” ಎಂದ ಬೋಬೊ. “ಸಿಯಾಕಾ ಸಾನು. ಎಲ್ಲಿ ಹಾಕ್ಲಿ ಸಹಿ?”

ಮುದ್ರೆ ಬಿತ್ತು.

“ನಿಮ್ಮ ಕೆಲಸ ಏನಿತ್ತು?” ಎಂದು ಗುಮಾಸ್ತೆ ಸಿಯಾಕಾನನ್ನು ಕೇಳಿದಳು.

“ನಾಳೆ ಬರ್ತೀನಿ.”

ಇಬ್ಬರೂ ಸಾಲಿನಿಂದ ಹೊರಬಂದರು.

“ಸುಳ್ಳು ಹೇಳಿದೆಯಲ್ಲೋ,” ಎಂದ ಹಮೀದು.

“ಸುಳ್ಳಾಗದ ಹಾಗೆ ನೋಡ್ಕೊಂಡ್ರಾಯ್ತು. ನಡಿ. ಜಗಲೀಲಿ ಎಷ್ಟು ಜನ ಇದೀರಿ?”

“ಆರು.”

“ದನ?”

“ಒಂದೂ ಉಳೀಲಿಲ್ಲ.”

ಇದಕ್ಕೂ ಸಿಯಾಕಾ ಏನಾದರೊಂದು ಬೈಗುಳ ಅಂದೇ ಅನ್ನುತ್ತಾನೆಂದು ಅಸೀತಾ ಕಾದಳು. ಆದರೆ ಅವನು ಹಮೀದುವಿನ ಕೈಯಲ್ಲಿದ್ದ ಗಂಟನ್ನು ತೆಗೆದು ತನ್ನ ಹೆಗಲಿಗೇರಿಸಿಕೊಂಡು, ಶಾಲೆಯ ದಾರಿ ಹಿಡಿದ.