ಮೊಣಕಾಲಲ್ಲ, ಪೆಡಲು

ದೂರಪ್ರವಾಸಕ್ಕೆಂದು ಅಂದು ಬೆಳಿಗ್ಗೆಯಷ್ಟೇ ಸೈಕಲ್ ಏರಿದ್ದ ಅಕ್ಕತಂಗಿಯರಿಬ್ಬರು ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದರು. ಅಕ್ಕನ ಮೊಣಕಾಲಿಗೆ ಪಟ್ಟಿ, ಮಡಿಲಲ್ಲಿ ಮುರಿದ ಪೆಡಲು. ಮಾತುಗಳನ್ನು ಕೇಳಿದ ಕ್ರಮದಲ್ಲೇ ಕೊಡುತ್ತಿದ್ದೇನೆ.

“ಮೊದಲು ಚೈನು, ಆಮೇಲೆ ಬ್ರೇಕು, ಈಗ ಇದು. ಹಳೇ ನೋವಿಗೆ ಪಟ್ಟಿ ಕಟ್ಟಿದ ಮೊಣಕಾಲು ಮಾತ್ರ ಚಕಾರ ಎತ್ತಲಿಲ್ಲ ಕಣೇ.”

“ನಾನು ನೋಡಿದೀನಲ್ಲಕ್ಕ.”

“ನಿನ್ನ ಭಾವ ನಂಬಬೇಕಲ್ಲ. ಕಾಲು ಕೈಕೊಟ್ಟು ವಾಪಸ್ ಬಂದ್ರೆ ಸೈಕಲ್ ಮಾರಿಬಿಡ್ತೀನಿ ಅಂದಿದಾರೆ.”

“ಪೆಡಲು ತೋರಿಸು.”

“ತುಳಿಯೋಕಾಗದೆ ನೀನೇ ಮುರಿದೆ ಅಂತಾರೆ.”

“ನಾನು ಸಾಕ್ಷಿ ಹೇಳ್ತೀನಿ.”

“ನೀನಾ? ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ ನಗ್ತಾರೆ.”

ಬಸ್ ಬಂತು. ಸೈಕಲ್ಲುಗಳನ್ನು ಮೇಲೇರಿಸಿದ ಕಂಡಕ್ಟರ್ ಅಕ್ಕನಿಗೆ ಕೈನೀಡಿದ.

“ನಿಧಾನ ಅಮ್ಮ. ಮೊಣಕಾಲು ಕೈಕೊಡ್ತಾ?”

ಅಕ್ಕ ಒಮ್ಮೆ ತಂಗಿಯತ್ತ ನೋಡಿ, ಪೆಡಲನ್ನು ಚೀಲಕ್ಕಿಳಿಸಿ, ಆ ಕೈಯನ್ನೇ ಹಿಡಿದು ಹತ್ತಿದರು.