ಲಿಫ್ಟಿನ ಬೋರ್ಡು

ರಕ್ತಪರೀಕ್ಷೆಗೆ ಸರದಿ ಕಾಯುತ್ತಿದ್ದ ದರ್ಜಿ ಗೋಡೆ ನೋಡುವವನಂತೆ ನಟಿಸುತ್ತ, ಪಕ್ಕದ ಬೆಂಚಿನ ಗಂಡಹೆಂಡಿರ ಮಾತಿಗೆ ಮೈಯೆಲ್ಲ ಕಿವಿಯಾಗಿದ್ದ.

"ನೋಡೇ, ಕೊಲೆಸ್ಟ್ರಾಲ್ ಇಳಿದಿದೆ. ಮಾತ್ರೆ ಸದ್ಯಕ್ಕೆ ಬೇಡ ಅಂದ್ರು ಡಾಕ್ಟ್ರು."

"ಮೂರು ತಿಂಗಳು ದಿನಾ ನಾಲ್ಕು ಮಹಡಿ ಹತ್ತಿದ್ರೆ ಇಳೀದೆ ಏನ್ಮಾಡತ್ತೆ?"

"ನಮ್ಮ ಲಿಫ್ಟ್ ಕೆಟ್ಟಿದ್ದೇ ಒಳ್ಳೇದಾಯ್ತು."

"ಒಂದು ಹೇಳ್ತೀನಿ, ನನ್ನ ಬೈಬೇಡಿ. ಅದು ಎರಡೇ ದಿನಕ್ಕೆ ರಿಪೇರಿ ಆಯ್ತು. ನೀವು ಬರೋ ಹೊತ್ತಿಗೆ 'ಕೆಟ್ಟಿದೆ' ಅಂತ ಬೋರ್ಡು ನೇತು ಹಾಕ್ತಿದ್ದವಳು ನಾನೇ."

"ಗೊತ್ತು."

"ಗೊತ್ತಾ?"

"ಮೂವತ್ತು ವರ್ಷದಿಂದ ನಿನ್ನ ಚೀಟಿ ಹಿಡ್ಕೊಂಡೇ ಅಂಗಡಿಗೆ ಹೋಗ್ತಿದೀನಿ. ನಿನ್ನ ಅಕ್ಷರ ಗೊತ್ತಾಗಲ್ವಾ?"

"ಮತ್ತೆ ಹತ್ತಿದ್ಯಾಕೆ?"

"ನನಗೋಸ್ಕರ ನೀನು ದಿನಾ ಅಷ್ಟು ಮೆಟ್ಟಿಲು ಇಳಿದು ಬರ್ತಿದ್ದೆ. ನಾನು ಹತ್ತೋದು ಹೆಚ್ಚೇನೇ?"

"ಮೆಟ್ಟಿಲಾ? ನಾನು ಲಿಫ್ಟಲ್ಲೇ ಬರ್ತಿದ್ದೆ!"

ಇಬ್ಬರೂ ನಗುತ್ತ ಎದ್ದರು. ಎದುರಿಗೇ ಆಸ್ಪತ್ರೆಯ ಲಿಫ್ಟು ಬಾಯಿ ತೆರೆದು ನಿಂತಿತ್ತು. ಗಂಡ, ಹೆಂಡತಿಯ ಕೈ ಹಿಡಿದು ಅವಳನ್ನೂ ಮೆಟ್ಟಿಲ ಕಡೆ ತಿರುಗಿಸಿದ.