ಬೆಳಿಗ್ಗೆ ಹತ್ತರ ಗೆರೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಂಚಾಯಿತಿ ಅಧ್ಯಕ್ಷೆ ಗಂಗಲಕ್ಷ್ಮಿಯವರೇ, ಮುಖ್ಯ ಅತಿಥಿಗಳಾಗಿ ಮಧುಗಿರಿಯ ವಿದ್ಯುತ್ ಕಚೇರಿಯಿಂದ ಬಂದಿರುವ ಎಂಜಿನಿಯರ್ ನವೀನ್ ಕುಮಾರ್ ಅವರೇ, ಶಾಮಿಯಾನದ ನೆರಳು ಸಾಲದೆ ಬೇವಿನ ಮರದಡಿ ಕುಳಿತಿರುವ ಐ.ಡಿ.ಹಳ್ಳಿಯ ಸಮಸ್ತ ಸಭಿಕರೇ,

ಹಿಂದಿನವರಿಗೆ ಕೇಳಿಸುತ್ತಿದೆಯೇ? ಮೈಕು ಕೈಕೊಟ್ಟರೂ ಚಿಂತೆಯಿಲ್ಲ, ಇದು ಮೂವತ್ತನಾಲ್ಕು ವರ್ಷ ಕಂಬದ ಮೇಲಿನಿಂದ ಕೂಗಿದ ಗಂಟಲು. ನಾನು ಓಬಳರಾಜು, ನಿವೃತ್ತ ಲೈನ್‌ಮ್ಯಾನ್. ಸ್ಮಾರ್ಟ್ ಮೀಟರ್ ಹಾಕಿಸಿಕೊಂಡ ನಲವತ್ತು ಮನೆಗಳಲ್ಲಿ ಅತಿ ಹೆಚ್ಚು ಕರೆಂಟು ಉಳಿಸಿದ ಮನೆ ನಮ್ಮದಂತೆ! ಅದಕ್ಕೇ ಈ ಶಾಲು, ಈ ಹಾರ, ಈ ಸ್ಟೀಲ್ ಬಿಂದಿಗೆ. ನೌಕರಿಯಲ್ಲಿದ್ದಾಗ ನನಗೆ ಸಿಕ್ಕಿದ್ದು ಬರೀ ಬೈಗುಳ. ಇವತ್ತು ಸಂತೋಷ ತಡೆಯಲಾಗುತ್ತಿಲ್ಲ.

ಎಂಥ ಮೀಟರ್ ಸ್ವಾಮಿ ಇದು! ಹಳೆಯದು ತಿಂಗಳಿಗೊಮ್ಮೆ ಬಾಯಿ ಬಿಡುತ್ತಿತ್ತು. ಇದು ಅರ್ಧ ಗಂಟೆಗೊಮ್ಮೆ ಮನೆಯ ಗುಟ್ಟನ್ನೆಲ್ಲ ಫೋನಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಕರೆಂಟು ಹೆಚ್ಚು ಸುಟ್ಟರೆ ಗೆರೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಮೊದಲ ವಾರವೇ ಫ್ರಿಜ್ಜಿನ ಬಾಗಿಲಿನ ರಬ್ಬರು ಸವೆದಿರುವುದು ಸಿಕ್ಕಿಬಿತ್ತು. ಆಮೇಲೆ ಹಿತ್ತಲಿನ ಹಳೇ ಬಲ್ಬು, ಯಾರೂ ನೋಡದ ಟೀವಿ. ಗೆರೆ ಇಳಿದಾಗಲೆಲ್ಲ ಕುಣಿದೆ. ಊಟಕ್ಕೆ ಕೂತಾಗಲೂ ಫೋನೇ ಕೈಯಲ್ಲಿ. "ನನ್ನ ಮಕ ನೋಡಿ ಎಷ್ಟು ದಿನ ಆಯ್ತು ಅಂತಾನೂ ಅದ್ರಾಗೇ ನೋಡ್ಕಳಿ" ಎಂದಳು ನನ್ನ ಹೆಂಡತಿ ವನಜಾ.

ಆದರೆ ಒಂದು ಗೆರೆ ಮಾತ್ರ ಇಳಿಯಲೊಲ್ಲದು. ದಿನಾ ಬೆಳಿಗ್ಗೆ ಹತ್ತರಿಂದ ಹತ್ತೂವರೆ. ಆ ಹೊತ್ತಿಗೆ ನಾನು ರಂಗೇಶನ ಹೋಟೆಲಿನಲ್ಲಿ ಟೀ ಕುಡಿಯುತ್ತಿರುತ್ತೇನೆ. ಗೆರೆಯ ಎತ್ತರ ನೋಡಿಯೇ ಹೇಳಿದೆ, ಇದು ಒಂದು ಎಚ್.ಪಿ. ಮೋಟಾರು. ನಮ್ಮ ತೊಟ್ಟಿಯನ್ನು ಏಳಕ್ಕೇ ನಾನು ತುಂಬಿಸಿರುತ್ತೇನೆ. ಹಾಗಾದರೆ ಹತ್ತಕ್ಕೆ ಓಡುವುದು ಯಾರ ಮೋಟಾರು?

ಲೈನ್‌ಮ್ಯಾನ್ ತಲೆಗೆ ಏನು ಹೊಳೆಯುತ್ತದೆ ಹೇಳಿ? ಕಳ್ಳ ವೈರು! ಪಾವಗಡದ ಕಡೆ ನಾನು ಊರೊಳಗೆ ಕಾಲಿಟ್ಟರೆ ಸಾಕು, "ಕರೆಂಟಾಯನ ವಚ್ಚಿನಾಡ್ರಾ!", ಕರೆಂಟಿನವನು ಬಂದ ಕಣ್ರೋ, ಎಂದು ತೆಲುಗಿನಲ್ಲಿ ಕೂಗಿ, ತಂತಿಗೆ ಹಾಕಿದ ಕೊಂಡಿಗಳನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು. ಅಂಥ ನನ್ನ ಮನೆಗೇ ಕನ್ನವೇ? ಗೋಡೆಯಾಚೆ ನಮ್ಮಣ್ಣ ಕದರಪ್ಪನ ಮನೆ. ಆ ಗೋಡೆ ಯಾರ ಜಾಗದಲ್ಲಿದೆ ಎಂಬ ಜಗಳದಲ್ಲಿ ಒಂಬತ್ತು ವರ್ಷದಿಂದ ನಮಗಿಬ್ಬರಿಗೂ ಮಾತಿಲ್ಲ. ಇದನ್ನು ನಾನು ಚೀಟಿಯಲ್ಲಿ ಬರೆದುಕೊಂಡು ಬಂದಿಲ್ಲ, ಬಾಯಿಗೆ ಬಂತು, ಹೇಳಿಬಿಡುತ್ತೇನೆ.

ಹೋಟೆಲಿನಲ್ಲಿ ಎಲ್ಲರೆದುರು ಸಾರಿದೆ: "ನಮ್ಮಣ್ಣ ನನ್ನ ಕರೆಂಟಿಗೇ ಕೈ ಹಾಕವ್ನೆ ಕಣ್ರಪ್ಪಾ! ನಾಳೆ ಹಿಡಿದು ತೋರುಸ್ತೀನಿ." ಕೇಳಿದವರು ಇಲ್ಲೂ ಇದ್ದೀರಿ.

ಮರುದಿನ ಟೆಸ್ಟರ್ ಹಿಡಿದು ಹಿತ್ತಲಿಗೆ ನುಗ್ಗಿದೆ. ಏನು ಕಂಡೆ? ಓಡುತ್ತಿದ್ದದ್ದು ನಮ್ಮದೇ ಮೋಟಾರು. ಹಸಿರು ಪೈಪು ಗೋಡೆ ಹತ್ತಿತ್ತು. ಆಚೆ ಬಿಂದಿಗೆ ಹಿಡಿದವರು ಅತ್ತಿಗೆ ಕಾಟಮ್ಮ, ಈಚೆ ಪೈಪು ಹಿಡಿದವಳು ವನಜಾ. ಅಣ್ಣನ ಬೋರು ನಿಂತು ಎರಡು ವರ್ಷವಂತೆ. ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಒಂದು ಗೋಡೆಯ ಈಚೆಗಿದ್ದ ನನಗೆ ಅದೇ ಗೊತ್ತಿರಲಿಲ್ಲ.

ನಾನೇನು ಮಾಡಿದೆ? ಸ್ವಿಚ್ ಆರಿಸಿದೆ. ಮೋಟಾರಿನ ಸ್ವಿಚ್ ಪೆಟ್ಟಿಗೆಗೆ ಬೀಗ ಜಡಿದೆ. ಹೌದು, ನಾನೇ! ಮಾರನೆಯ ದಿನ ಹತ್ತರ ಗೆರೆ ನೆಲಕ್ಕೆ ಮಲಗಿತು. ಅವತ್ತೂ ಕುಣಿದೆ.

ವನಜಾ ಜಗಳ ಆಡಲಿಲ್ಲ. ತೊಟ್ಟಿಯ ನೀರನ್ನೇ ತುಂಬಿ, ಬಿಂದಿಗೆ ಸೊಂಟದ ಮೇಲಿಟ್ಟು, ಬೀದಿ ಬಳಸಿ ಅವರ ಮನೆಗೆ ಹೊತ್ತಳು. ದಿನಕ್ಕೆ ಎಂಟು ಬಿಂದಿಗೆ, ಎರಡು ತಿಂಗಳು. ಒಂದು ದಿನ ಬಾಗಿಲಿಗೆ ಅಡ್ಡ ನಿಂತೆ. "ಸರ್ಕಳಿ ಅತ್ಲಾಗೆ. ನನ್ನ ಸೊಂಟುಕ್ಕೂ ಒಂದು ಮೀಟ್ರು ಹಾಕುಸ್ಬುಡಿ, ಎಷ್ಟು ಉರೀತೈತೆ ಅಂತ ಗೊತ್ತಾಯ್ತದೆ" ಎಂದಳು. ಸಭಿಕರೇ, ದಾರಿ ಬಿಟ್ಟೆ. ಬೀಗ ಮಾತ್ರ ತೆಗೆಯಲಿಲ್ಲ.

ಈಗ ಅಧ್ಯಕ್ಷರು ಬಹುಮಾನವೆಂದು ಕೈಗಿಟ್ಟದ್ದು ಇನ್ನೇನನ್ನೂ ಅಲ್ಲ, ಬಿಂದಿಗೆಯನ್ನೇ! ನನಗೆ ನಾಚಿಕೆಯಾಯಿತು. ಫ್ರಿಜ್ಜಿನದು, ಬಲ್ಬಿನದು ನಿಜವಾದ ಉಳಿತಾಯ, ಎಲ್ಲರೂ ಮಾಡಿ, ಎಲ್ಲರೂ ಈ ಮೀಟರ್ ಹಾಕಿಸಿಕೊಳ್ಳಿ. ಆದರೆ ಹತ್ತರ ಗೆರೆ ಇಳಿದದ್ದು ಉಳಿತಾಯವಲ್ಲ. ನವೀನ್ ಕುಮಾರ್ ಅವರೇ, ನಿಮ್ಮ ಮೀಟರ್ ಸರಿಯಾಗಿಯೇ ತೋರಿಸಿತು, ತಪ್ಪಾಗಿ ಓದಿದವನು ನಾನು. ಬಹುಮಾನದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ.

ಅಣ್ಣಾ, ಬೇವಿನ ಮರದ ಬುಡದಾಗೆ ಟವಲ್ಲು ಮರೆ ಮಾಡ್ಕಂಡು ಕುಂತಿರೋದು ಕಾಣ್ತೈತೆ. ಎದ್ದೋಗ್ಬ್ಯಾಡ ಕಣಣ್ಣ. ನಿನ್ನ ಕಳ್ಳ ಅಂದ್ಬುಟ್ಟೆ. ನಾಲ್ಕು ಜನರ ಮುಂದೆ ಅಂದಿದ್ದೆ, ಊರ ಮುಂದೆ ಹೇಳ್ತಾ ಇವ್ನಿ, ತಪ್ಪಾಯ್ತು. ಅತ್ತಿಗೆ, ಈ ಬಿಂದಿಗೆ ನಿಮ್ಮದು. ವನಜಾ, ತಗಾ, ಬೀಗದ ಕೈ. ಇನ್ನು ಮ್ಯಾಲೆ ಅದು ನಿನ್ನ ಸೆರಗಿನಾಗೇ ಇರ್ಲಿ.

ಕಡೆಯದಾಗಿ, ವಿದ್ಯುತ್ ಕಚೇರಿಯವರಲ್ಲಿ ಒಂದು ಮನವಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯ ಗೆರೆ ಮತ್ತೆ ಏರುತ್ತದೆ. ಯಾರೂ ಗಾಬರಿಯಾಗಬೇಡಿ, ಪೈಪು ಹಿಡಿದಿರುವವನು ನಾನೇ. ಚೀಟಿ ಬಿಟ್ಟು ಮಾತನಾಡಿದರೂ ತಡೆಯದ ಅಧ್ಯಕ್ಷರಿಗೂ, ಈ ಸೆಕೆಯಲ್ಲಿ ಕೂತು ಕೇಳಿದ ನಿಮಗೂ, ಇನ್ನೂ ಎದ್ದು ಹೋಗದೆ ಕೂತಿರುವ ನಮ್ಮಣ್ಣನಿಗೂ ಧನ್ಯವಾದ, ನಮಸ್ಕಾರ.